ತಂತಿಬೇಲಿಯ ವಿದ್ಯುತ್ ಮಿಡಿತ

ಗೋವಿನಜೋಳಕ್ಕೆ ತೆನೆ ಬಂದು ಶೇಂಗಾ ಕಾಯಿ ಕಟ್ಟಿದ ಮೇಲೆ, ಕಾಡುಹಂದಿಯ ಕಾಟವಿರುವ ಹೊಲದ ಒಕ್ಕಲಿಗನಿಗೆ ರಾತ್ರಿಯ ನಿದ್ರೆಯಿಲ್ಲ. ಅಮೀನಗಡದ ಸೀಮೆಯಲ್ಲಿಯೂ ಮಲಪ್ರಭೆಯ ದಂಡೆಯ ಊರುಗಳಲ್ಲಿಯೂ ಹೊಲದ ಸುತ್ತ ತಂತಿ ಎಳೆದು ವಿದ್ಯುಚ್ಛಕ್ತಿಯನ್ನು ಹರಿಸಬೇಕೆಂಬ ಆಲೋಚನೆಯು ಜಮೀನುದಾರರಿಗೆ ಬರುವುದು ಸಹಜವು. ಇದಕ್ಕೆ ಎರಡು ದಾರಿಗಳುಂಟು. ಜನರು ಝಟಕಾ ಮಷೀನು ಎಂದು ಕರೆಯುವ ಮಿಡಿತದ ಯಂತ್ರವನ್ನು ಇಡುವುದು ಒಂದು. ಪಂಪಿನ ಪೆಟ್ಟಿಗೆಯಿಂದ ನೇರವಾಗಿ ತಂತಿ ಕೊಡುವುದು ಇನ್ನೊಂದು. ಮೊದಲನೆಯದು ಹಂದಿಯನ್ನು ಬೆದರಿಸಿ ಓಡಿಸುವುದು. ಎರಡನೆಯದು ಹಂದಿ, ಎತ್ತು, ಕುರಿಗಾರ, ಮಗು ಎಂಬ ಭೇದವಿಲ್ಲದೆ ಮುಟ್ಟಿದವರ ಪ್ರಾಣವನ್ನೇ ತೆಗೆಯಬಲ್ಲದು.

ಯಂತ್ರದ ಬೇಲಿಯಲ್ಲಿ 8,000 ವೋಲ್ಟಿನಷ್ಟು ಒತ್ತಡವಿರಬಹುದು. ಮನೆಯ ತಂತಿಯಲ್ಲಿರುವುದು 230 ವೋಲ್ಟ್ ಮಾತ್ರ. ಆದ್ದರಿಂದ 230 ವೋಲ್ಟಿನ ಬೇಲಿಯೇ ಸೌಮ್ಯವೆಂದು ವಾದಿಸುವವರುಂಟು. ಇದು ಪ್ರಾಣಾಂತಿಕವಾದ ತಪ್ಪು ತಿಳಿವಳಿಕೆಯು. ಕಂಬದ ವಿದ್ಯುತ್ತು ಎಡೆಬಿಡದೆ ಹರಿಯುವುದರಿಂದ ಮುಟ್ಟಿದವನ ಕೈಯ ಸ್ನಾಯುಗಳು ಬಿಗಿದು ತಂತಿಯನ್ನು ಬಿಡಲಾರದೆ ಹೋಗುತ್ತವೆ. ಒಂದು ಆಂಪಿಯರಿನ ಸಾವಿರದಲ್ಲಿ 30 ಪಾಲು, ಎದೆಯ ಮೂಲಕ ಕೆಲವು ಸೆಕೆಂಡು ಹರಿದರೂ ಹೃದಯದ ಬಡಿತ ಕೆಡಬಹುದು. ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತವನ ಮೈಯಲ್ಲಿ ಇದರ ಹಲವು ಪಟ್ಟು ಹರಿಯಬಲ್ಲದು. ಫ್ಯೂಸು ಹಾರಿ ಕಾಪಾಡೀತೆಂದು ನಂಬಕೂಡದು. ಅದು ಹಲವು ಆಂಪಿಯರುಗಳಿಗೆ ಹಾರುವಂತೆ ಮೋಟಾರಿಗಾಗಿ ಇಟ್ಟದ್ದೇ ಹೊರತು ಮನುಷ್ಯನಿಗಾಗಿ ಅಲ್ಲ.

ಇನ್ನು ಯಂತ್ರದ ಒಳಗಿನ ಕ್ರಮವನ್ನು ನೋಡತಕ್ಕದ್ದು. 12 ವೋಲ್ಟಿನ ಬ್ಯಾಟರಿಯ ವಿದ್ಯುತ್ತನ್ನು ಒಂದು ಸಣ್ಣ ಮಂಡಲವು 400 ವೋಲ್ಟಿನ ಸುಮಾರಿಗೆ ಏರಿಸಿ, ಡಯೋಡಿನ ಮೂಲಕ ಕೆಪ್ಯಾಸಿಟರಿಗೆ ತುಂಬುತ್ತದೆ. ಪಂಪಿನ ಫುಟ್‌ವಾಲ್ವು ಏರಿದ ನೀರನ್ನು ಹಿಂದಕ್ಕೆ ಬಿಡದಂತೆ, ಡಯೋಡು ತುಂಬಿದ ವಿದ್ಯುತ್ತನ್ನು ಹಿಂದಕ್ಕೆ ಬಿಡದು. ಕೆಪ್ಯಾಸಿಟರು ಸಣ್ಣ ಧಾರೆಯಿಂದ ತುಂಬುವ ಕೊಡವಿದ್ದಂತೆ. 25 ಮೈಕ್ರೋಫ್ಯಾರಡಿನ ಕೆಪ್ಯಾಸಿಟರು 400 ವೋಲ್ಟಿಗೆ ತುಂಬಿದಾಗ ಅದರಲ್ಲಿರುವ ಶಕ್ತಿಯು 2 ಜೂಲ್. ಒಂದು ಕಿಲೋ ತೂಕದ ಕಲ್ಲನ್ನು ಒಂದು ಗೇಣು ಎತ್ತಲು ಬೇಕಾದಷ್ಟೇ ಶಕ್ತಿ. ಕೊಡದಲ್ಲಿದ್ದಷ್ಟೇ ಸುರಿಯುವುದು, ಮೇಲೆ ಸುರಿಯಲು ಏನೂ ಇಲ್ಲ. ಈ ಬೇಲಿಯ ಕ್ಷೇಮವೆಲ್ಲ ಇದರಲ್ಲಿಯೇ ಇದೆ.

ಕೊಡವನ್ನು ಯಾವಾಗ ಸುರಿಯಬೇಕೆಂಬುದನ್ನು ಕಾಲಮಂಡಲವು ನಿರ್ಣಯಿಸುತ್ತದೆ. ಇದರಲ್ಲಿ ಇನ್ನೊಂದು ಚಿಕ್ಕ ಕೆಪ್ಯಾಸಿಟರು ಒಂದು ರೆಸಿಸ್ಟರಿನ ಮೂಲಕ ಮೆಲ್ಲಗೆ ತುಂಬುತ್ತ ಬರುತ್ತದೆ. ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ ಮಂಡಲವು ಸೂಚನೆ ಕೊಟ್ಟು, ಅದನ್ನು ಬರಿದುಮಾಡಿ, ಮತ್ತೆ ತುಂಬಲು ಬಿಡುತ್ತದೆ. 100 ಕಿಲೋ ಓಮಿನ ರೆಸಿಸ್ಟರಿಗೆ 10 ಮೈಕ್ರೋಫ್ಯಾರಡಿನ ಕೆಪ್ಯಾಸಿಟರನ್ನು ಜೋಡಿಸಿದರೆ ಅವುಗಳ ಕಾಲಮಾನವು 1 ಸೆಕೆಂಡು. ರೆಸಿಸ್ಟರು ದೊಡ್ಡದಾದರೆ ಮಿಡಿತ ನಿಧಾನ, ಚಿಕ್ಕದಾದರೆ ತೀವ್ರ. ಈ ತತ್ವವು ಹೊಸದಲ್ಲ. ತಾನಾಗಿ ಮಿಡಿಯುವ ವಾಲ್ವಿನ ಮಂಡಲವನ್ನು ಫ್ರಾನ್ಸಿನ ಅಬ್ರಹಾಂ ಮತ್ತು ಬ್ಲಾಕ್ ಎಂಬವರು 1919ರಲ್ಲಿಯೇ ವರ್ಣಿಸಿದ್ದರು; ಈಗ ಅದೇ ಕೆಲಸವನ್ನು ಉಗುರಿನಷ್ಟು ಅಗಲದ ಚಿಪ್ಪು ಮಾಡುತ್ತದೆ.

ಸೂಚನೆ ಬಂದೊಡನೆ ಥೈರಿಸ್ಟರು ಎಂಬ ಭಾಗವು ಕೆರೆಯ ತೂಬಿನಂತೆ ತೆರೆದು, ದೊಡ್ಡ ಕೆಪ್ಯಾಸಿಟರಿನಲ್ಲಿದ್ದುದೆಲ್ಲ ಟ್ರಾನ್ಸ್‌ಫಾರ್ಮರಿಗೆ ಒಮ್ಮೆಗೆ ನುಗ್ಗುತ್ತದೆ. ಸುತ್ತುಗಳ ಪ್ರಮಾಣ 1ಕ್ಕೆ 20 ಇದ್ದರೆ 400 ವೋಲ್ಟು 8,000ದ ಸಮೀಪಕ್ಕೆ ಏರುವುದು. ಈ ಪೆಟ್ಟು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಇರುತ್ತದೆ. ಮುಂದಿನ ಮಿಡಿತದವರೆಗಿನ ಸುಮಾರು ಒಂದು ಸೆಕೆಂಡಿನ ಬಿಡುವಿನಲ್ಲಿ ಮುಟ್ಟಿದ ಪ್ರಾಣಿ ಹಿಂದಕ್ಕೆ ಹಾರಲು ಅವಕಾಶವುಂಟು. ಐ.ಇ.ಸಿ. 60335-2-76 ಎಂಬ ಅಂತರರಾಷ್ಟ್ರೀಯ ನಿಯಮದ ಪ್ರಕಾರ 500 ಓಮಿನ ಭಾರಕ್ಕೆ ಒಂದು ಮಿಡಿತದಲ್ಲಿ 5 ಜೂಲಿಗಿಂತ ಹೆಚ್ಚು ಶಕ್ತಿ ಹೋಗಕೂಡದು. ಈ ನಿಯಮಕ್ಕೆ ಹೊಂದಿದೆಯೆಂಬ ಮುದ್ರೆಯಿಲ್ಲದ ಯಂತ್ರವನ್ನು ಅಗ್ಗವೆಂದು ಕೊಳ್ಳುವುದು ಯೋಗ್ಯವಲ್ಲ.

ಯಂತ್ರ ಒಳ್ಳೆಯದಿದ್ದೂ ಬೇಲಿ ಕೆಲಸಮಾಡದಿದ್ದರೆ ಬಹುಶಃ ದೋಷವು ಅರ್ಥಿಂಗಿನದು. ಮಿಡಿತವು ತಂತಿಯಿಂದ ಪ್ರಾಣಿಯ ಮೈಗೆ, ಅಲ್ಲಿಂದ ನೆಲಕ್ಕೆ, ನೆಲದಿಂದ ಅರ್ಥಿಂಗಿನ ಸಲಾಕೆಯ ಮೂಲಕ ಯಂತ್ರಕ್ಕೆ ಮರಳಬೇಕು. ತಂತಿಯ ಮೇಲೆ ಕುಳಿತ ಗುಬ್ಬಿಗೆ ಏನೂ ಆಗದಿರುವುದು ಈ ಸುತ್ತು ಪೂರ್ಣವಾಗದ ಕಾರಣದಿಂದಲೇ. ಬೇಸಿಗೆಯಲ್ಲಿ ಎರೆಹೊಲ ಬಿರುಕುಬಿಟ್ಟಾಗ, ಮರಡಿಯ ಗರಸು ನೆಲ ಒಣಗಿದಾಗ, ನೆಲವು ವಿದ್ಯುತ್ತನ್ನು ಸರಿಯಾಗಿ ಹಾಯಿಸದು. ಒಂದು ಮೊಳದ ಕಬ್ಬಿಣ ಹುಗಿದರೆ ಸಾಲದು. ಮಾರುದ್ದದ ಮೂರು ಸಲಾಕೆಗಳನ್ನು ತೇವವಿರುವ ಕಡೆಯಲ್ಲಿ, ಒಂದಕ್ಕೊಂದು 3 ಮೀಟರು ದೂರದಲ್ಲಿ ಇಳಿಸಿ ಜೋಡಿಸತಕ್ಕದ್ದು. ಪಂಪಿನ ಅರ್ಥಿಂಗಿನಿಂದ ಇವು ಕನಿಷ್ಠ 10 ಮೀಟರು ದೂರವಿರಬೇಕು. ತೀರ ಒಣ ಭೂಮಿಯಲ್ಲಿ ಬೇಲಿಯಲ್ಲಿಯೇ ಒಂದು ತಂತಿ ಬಿಟ್ಟು ಒಂದನ್ನು ಅರ್ಥಿಂಗಿಗೆ ಕೂಡಿಸುವುದುಂಟು. ತಂತಿಗೆ ತಾಗುವ ಕಳೆಯನ್ನು ಕೊಯ್ಯದೆ ಬಿಟ್ಟರೆ ಮಿಡಿತವು ಅದರ ಮೂಲಕವೇ ಸೋರಿಹೋಗುವುದು.

ಸೌಮ್ಯವಾದ ಮಿಡಿತವೂ ಆಟದ ಸಾಮಾನಲ್ಲ. ಸಿಕ್ಕಿಕೊಂಡವನು ಹಿಂದಕ್ಕೆ ಸರಿಯಲಾರನಾದ್ದರಿಂದ ಮುಳ್ಳುತಂತಿಗೆ ಇದನ್ನು ಎಂದೂ ಕೊಡಬಾರದು. ಒಂದೇ ಬೇಲಿಗೆ ಎರಡು ಯಂತ್ರಗಳನ್ನೂ ಜೋಡಿಸಬಾರದು. ಪಂಪಿನಿಂದ ನೇರವಾಗಿ ತಂತಿ ಕೊಟ್ಟು ಯಾರಾದರೂ ಸತ್ತರೆ ಹೊಲದ ಒಡೆಯನು ಭಾರತೀಯ ನ್ಯಾಯ ಸಂಹಿತೆಯ ಮೇರೆಗೆ ಶಿಕ್ಷೆಗೆ ಗುರಿಯಾಗುವನು. ಹೊಲದಲ್ಲಿ ಕುರಿ ತರುಬಲು ಬರುವ ಪರಊರಿನ ಕುರಿಗಾರರಿಗೆ ಯಾವ ಬೇಲಿ ಎಂಥದ್ದೆಂದು ತಿಳಿಯದು. ಆದುದರಿಂದ ದಾರಿಯ ಬದಿಗೆ ಕನ್ನಡದಲ್ಲಿ ಎಚ್ಚರಿಕೆಯ ಹಲಗೆಯನ್ನು ತೂಗಹಾಕಿ, ಕುರಿಗಳು ಬಂದ ದಿನವೇ ಬೇಲಿಯನ್ನು ಅವರಿಗೆ ತೋರಿಸುವ ಏರ್ಪಾಡನ್ನು ಊರಿನ ಹಿರಿಯರು ಮಾಡತಕ್ಕದ್ದು.