ಅಗ್ಗದ ಗಿಟಾರ್ ಮತ್ತು ದೊಡ್ಡ ಸಭಾಂಗಣ

ಗಾಯನಕ್ಕೆ ಜೊತೆಗೊಡುವ ವಾದ್ಯಗಳಲ್ಲಿ ಗಿಟಾರ್ ನಮ್ಮ ಕಾಲೇಜುಗಳಿಗೆ ಈಗ ಹೊಸದಾಗಿ ಉಳಿದಿಲ್ಲ. ಭಾವಗೀತೆಯ ವೇದಿಕೆಯಲ್ಲಿಯೂ ವಿದ್ಯಾರ್ಥಿನಿಲಯದ ಜಗಲಿಯಲ್ಲಿಯೂ ಅದರ ದನಿ ಕೇಳಿಬರುತ್ತದೆ. ಆದರೆ ಕೊಠಡಿಯಲ್ಲಿ ಇಂಪಾಗಿ ಕೇಳುವ ಈ ವಾದ್ಯವನ್ನು ನಾನೂರು ಮಂದಿ ಕುಳಿತ ಸಭಾಂಗಣಕ್ಕೆ ತಂದೊಡನೆ ಅದರ ಬಡತನ ಬಯಲಾಗುತ್ತದೆ. ಮೇಲೆ ಫ್ಯಾನುಗಳ ಗಿರಕಿ, ಹಿಂದಿನ ಬೆಂಚುಗಳಲ್ಲಿ ಮಾತು, ಪಕ್ಕದಲ್ಲಿ ತಬಲ. ಹೀಗಿರಲು ತಂತಿಯ ನಾದವು ಮೂರನೆಯ ಸಾಲನ್ನು ದಾಟುವುದೇ ಕಷ್ಟ. ವಿದ್ಯುತ್ತಿನ ನೆರವಿನಿಂದ ದನಿಯನ್ನು ಹಿಗ್ಗಿಸಬಹುದಾದ, ವಿದ್ಯುತ್ತಿಲ್ಲದಾಗಲೂ ನುಡಿಸಬಹುದಾದ ಗಿಟಾರನ್ನು ವಿದ್ಯಾರ್ಥಿಯ ಕೈಗೆಟಕುವ ಬೆಲೆಯಲ್ಲಿ ಆರಿಸುವುದು ಹೇಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ನಮ್ಮ ಸಂಗೀತ ಸಂಘಕ್ಕೆ ವಾದ್ಯವೊಂದನ್ನು ಕೊಳ್ಳುವ ಹೊಣೆ ನನ್ನ ಮೇಲೆ ಬಿದ್ದುದರಿಂದ ಈ ವಿಷಯವನ್ನು ಅಭ್ಯಾಸ ಮಾಡಬೇಕಾಯಿತು. ಸಂಘದ ಹದಿನಾಲ್ಕು ಮಂದಿ ತಲಾ 600 ರೂಪಾಯಿಯಂತೆ 8,400 ರೂಪಾಯಿ ಕೂಡಿಸಿದೆವು. ಗುರುಗಳೊಬ್ಬರು ಉಳಿದ 1,600 ರೂಪಾಯಿಯನ್ನಿತ್ತು ಹತ್ತು ಸಾವಿರವನ್ನು ಪೂರ್ಣಮಾಡಿದರು. ಆ ಹದಿನಾಲ್ವರಲ್ಲಿ ಇಬ್ಬರು ಬೆಳಗಿನ ಜಾವ ಮನೆಮನೆಗೆ ಪತ್ರಿಕೆ ಹಂಚಿ ಓದುವವರು. ಒಬ್ಬಾಕೆ ತನ್ನ ವಿದ್ಯಾರ್ಥಿವೇತನದಿಂದ ಪಾಲು ಕೊಟ್ಟವಳು. ಇಂತಹ ಹಣವನ್ನು ಹೊಳಪಿಗೆ ಮಾರುಹೋಗಿ ಕಳೆಯುವಂತಿಲ್ಲ. ಒಮ್ಮೆ ಕಳೆದರೆ ಮರುವರ್ಷ ಯಾರೂ ಕೈಚಾಚಿ ಕೊಡುವುದಿಲ್ಲ, ಸಂಘವೇ ಮುಚ್ಚಿಹೋಗುತ್ತದೆ.

ಎಲ್ಲಕ್ಕೂ ಮೊದಲು ನೆನಪಿಡತಕ್ಕ ಸೂತ್ರ ಒಂದೇ. ಧ್ವನಿವರ್ಧಕವು ನಾದವನ್ನು ದೊಡ್ಡದು ಮಾಡೀತೇ ಹೊರತು ಒಳ್ಳೆಯದು ಮಾಡಲಾರದು. ಶ್ರುತಿ ತಪ್ಪಿದ ಸ್ವರವೂ ಅಷ್ಟೇ ದೊಡ್ಡದಾಗಿ ಕೊನೆಯ ಸಾಲಿನವರೆಗೆ ಹೋಗಿ ಮುಟ್ಟುತ್ತದೆ. ಆದುದರಿಂದ ಮೊದಲು ಗಿಟಾರ್, ಆಮೇಲೆ ವಿದ್ಯುತ್ತು.

ದನಿಯನ್ನು ಹಿಗ್ಗಿಸುವ ಈ ಪ್ರಯತ್ನಕ್ಕೆ ತನ್ನದೇ ಆದ ಚರಿತ್ರೆಯುಂಟು. ಬಾಣಲೆಯ ಆಕಾರದ, ‘ಫ್ರೈಯಿಂಗ್ ಪ್ಯಾನ್’ ಎಂದೇ ಹೆಸರಾದ ಹವಾಯಿಯನ್ ವಿದ್ಯುತ್ ಗಿಟಾರ್ ಅಮೆರಿಕದಲ್ಲಿ 1932ರಲ್ಲಿ ಮಾರಾಟಕ್ಕೆ ಬಂದಿತು. ಅದರಲ್ಲಿದ್ದುದು ಕಾಂತೀಯ ಪಿಕಪ್. ಕಾಂತದ ಸುತ್ತ ತೆಳುತಂತಿಯನ್ನು ಸುತ್ತಿ, ಅದರ ಮೇಲ್ಗಡೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. 1954ರಲ್ಲಿ ಗಿಬ್ಸನ್ ಸಂಸ್ಥೆಯು ‘ಜೆ-160ಇ’ ಎಂಬ ಮರದ ಗಿಟಾರಿಗೆ ಇಂಥದೇ ಪಿಕಪ್ಪನ್ನು ಜೋಡಿಸಿತು. ಬೀಟಲ್ಸ್ ತಂಡದ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ 1962ರಲ್ಲಿ ಕೊಂಡದ್ದು ಈ ಮಾದರಿಯನ್ನೇ.

ಎರಡನೆಯ ಬಗೆ ಪೀಜೋ ಪಿಕಪ್. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹೊಮ್ಮುವುದನ್ನು 1880ರಲ್ಲಿ ಜಾಕ್ ಮತ್ತು ಪಿಯೆರ್ ಕ್ಯೂರಿ ಸೋದರರು ತೋರಿಸಿಕೊಟ್ಟರು. ತಂತಿಗಳನ್ನು ಹೊರುವ ಕುದುರೆಯ ಮೇಲಿನ ಬಿಳಿಯ ಪಟ್ಟಿಯ ಅಡಿಯಲ್ಲಿ ಅಂತಹ ವಸ್ತುವನ್ನಿಟ್ಟರೆ ತಂತಿಯ ಒತ್ತಡದ ಏರಿಳಿತವೇ ವಿದ್ಯುತ್ತಾಗುತ್ತದೆ. ಅಮೆರಿಕದ ಓವೇಶನ್ ಸಂಸ್ಥೆಯು ಇದನ್ನು ಜನಪ್ರಿಯಗೊಳಿಸಿತು. ಇಂದು ಅಂಗಡಿಯಲ್ಲಿ ‘ಎಲೆಕ್ಟ್ರೋ-ಅಕೌಸ್ಟಿಕ್’ ಎಂದು ಮಾರುವ ಗಿಟಾರುಗಳಲ್ಲಿ ಬಹುಪಾಲು ಈ ಜಾತಿಯವು. ನಮ್ಮ ವೈಣಿಕರು ವೀಣೆಗೆ ಅಂಟಿಸಿಕೊಳ್ಳುವ ಕಾಂಟ್ಯಾಕ್ಟ್ ಮೈಕನ್ನು ಕಂಡವರಿಗೆ ಇದು ಅಪರಿಚಿತವೆನಿಸದು.

ಇವೆರಡರ ಗುಣದೋಷಗಳನ್ನು ಹೋಲಿಸೋಣ. ಪೀಜೋ ಎಲ್ಲ ಬಗೆಯ ತಂತಿಗೂ, ನೈಲಾನಿಗೂ ಸಹ, ಹೊಂದುತ್ತದೆ. ಆದರೆ ಅದು ಬಲು ದುರ್ಬಲ ಮೂಲ. ಬಡರೈತನಿಂದ ಹೆಚ್ಚು ಕಂದಾಯ ಎಳೆದರೆ ಅವನು ಕುಸಿಯುವಂತೆ, ಮೈಕಿಗೆಂದು ಮಾಡಿದ ದ್ವಾರಕ್ಕೆ ಅದನ್ನು ನೇರವಾಗಿ ಚುಚ್ಚಿದರೆ ಮಂದ್ರವೆಲ್ಲ ಬತ್ತಿ ತಗಡಿನಂತಹ ದನಿ ಉಳಿಯುತ್ತದೆ. ಅದರ ಸಲುವಾಗಿಯೇ ಗಿಟಾರಿನ ಪಕ್ಕೆಯಲ್ಲಿ 9 ವೋಲ್ಟಿನ ಬ್ಯಾಟರಿಯುಳ್ಳ ಪ್ರೀ-ಆಂಪ್ಲಿಫೈಯರನ್ನು ಕೂರಿಸಿರುತ್ತಾರೆ. ಬಹಳಷ್ಟು ಗಿಟಾರುಗಳಲ್ಲಿ ತಂತಿಯ ಪ್ಲಗ್ಗನ್ನು ಚುಚ್ಚಿದೊಡನೆ ಬ್ಯಾಟರಿ ಖರ್ಚಾಗತೊಡಗುತ್ತದೆಂಬುದನ್ನೂ, ನುಡಿಸಿ ಮುಗಿದೊಡನೆ ಪ್ಲಗ್ಗನ್ನು ಕೀಳಬೇಕೆಂಬುದನ್ನೂ ಮರೆಯಬಾರದು. ಕಾಂತೀಯ ಪಿಕಪ್ ಉಕ್ಕಿನ ತಂತಿಗೆ ಮಾತ್ರ ಓಗೊಡುತ್ತದೆ. ಅದರ ಸರಳ ಮಾದರಿಗಳಿಗೆ ಬ್ಯಾಟರಿ ಬೇಡ. ಗಿಟಾರಿನ ದುಂಡುರಂಧ್ರದಲ್ಲಿ ಸಿಕ್ಕಿಸಿ ಬೇಡವಾದಾಗ ತೆಗೆಯಬಹುದು. ದನಿಯಲ್ಲಿ ಮರದ ಗುಣ ಸ್ವಲ್ಪ ಕಡಿಮೆ, ಲೋಹದ ಗುಣ ಸ್ವಲ್ಪ ಹೆಚ್ಚು. ಕಂಚು ಸುತ್ತಿದ ನಾಲ್ಕು ದಪ್ಪ ತಂತಿಗಳಿಗಿಂತ ಬರಿಯ ಉಕ್ಕಿನ ಎರಡು ತೆಳುತಂತಿಗಳು ಜೋರಾಗಿ ಕೇಳುವುದೂ ಉಂಟು; ಪಿಕಪ್ಪನ್ನು ಆ ಬದಿಯಲ್ಲಿ ತುಸು ತಗ್ಗಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ.

ಇನ್ನು ಮರದ ವಿಚಾರ. ಗಿಟಾರಿನ ಮೇಲ್ಹಲಗೆ ಇಡಿಯಾದ ಸ್ಪ್ರೂಸ್ ಮರದ್ದಾದರೆ ನಾದ ತುಂಬಿಬರುತ್ತದೆ, ಬೆಲೆಯೂ ಏರುತ್ತದೆ. ಅಗ್ಗದ ವಾದ್ಯಗಳಲ್ಲಿರುವುದು ತೆಳುಪದರಗಳನ್ನು ಅಂಟಿಸಿ ಮಾಡಿದ ಪ್ಲೈವುಡ್. ಇದನ್ನು ಕೇಳಿ ಮೂಗು ಮುರಿಯಬೇಕಾದುದಿಲ್ಲ. ಸಭಾಂಗಣದಲ್ಲಿ ಗಿಟಾರಿಗೆ ದೊಡ್ಡ ಶತ್ರುವೆಂದರೆ ಊಳು. ಸ್ಪೀಕರಿನ ದನಿ ಗಿಟಾರಿನ ಒಡಲನ್ನು ಅಲುಗಿಸಿ, ಆ ಅಲುಗಾಟ ಪಿಕಪ್ಪಿನ ಮೂಲಕ ಮತ್ತೆ ಸ್ಪೀಕರಿಗೆ ಹೋಗಿ, ಸುತ್ತಿ ಸುತ್ತಿ ಬೆಳೆದು ಕಿವಿಗಡಚಿಕ್ಕುವುದೇ ಈ ಊಳು. ದೊಡ್ಡ ಒಡಲಿನ ಗಿಟಾರಿನೊಳಗಣ ಗಾಳಿಯು ಸೆಕೆಂಡಿಗೆ ಸುಮಾರು 100 ಕಂಪನಗಳ ಆಸುಪಾಸಿನಲ್ಲಿ ತಾನಾಗಿಯೇ ಅನುರಣಿಸುವುದರಿಂದ ಅಪಾಯ ಹೆಚ್ಚು ಅಲ್ಲಿಯೇ. ಕಡಿಮೆ ಅಲುಗುವ ಹಲಗೆ ಕಡಿಮೆ ಊಳಿಡುತ್ತದೆ. ಮೇಲೆ ಹೇಳಿದ ‘ಜೆ-160ಇ’ ಗಿಟಾರಿಗೆ ಗಿಬ್ಸನ್ನಿನವರು ಪ್ಲೈವುಡ್ಡಿನ ಮೇಲ್ಹಲಗೆಯನ್ನೇ ಹಾಕಿದ್ದರೆಂಬುದು ಗಮನಾರ್ಹ. ವೇದಿಕೆಗೆಂದು ಕೊಳ್ಳುವವನಿಗೆ ಅಗ್ಗದ ಹಲಗೆ ಪೂರ್ತಿ ನಷ್ಟವಲ್ಲ.

ಬೆನ್ನಿನ ಮರದ ಹೆಸರಿಗೂ ಹೆಚ್ಚು ಹಣ ತೆರಬೇಕಾದುದಿಲ್ಲ. ನಮ್ಮ ಮಲೆನಾಡಿನ ಬೀಟೆ ಗಿಟಾರ್ ಲೋಕದಲ್ಲಿ ಬಹು ಮಾನ್ಯವಾದ ಮರ. ಬ್ರೆಜಿಲ್ ದೇಶದ ಬೀಟೆಯ ದಿಮ್ಮಿ ದುರ್ಲಭವಾದಾಗ ಅಮೆರಿಕದ ಮಾರ್ಟಿನ್ ಸಂಸ್ಥೆಯು 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಇದು ನಮಗೆ ಹೆಮ್ಮೆಯ ಸಂಗತಿಯೇ ಸರಿ. ಆದರೆ ಹತ್ತು ಸಾವಿರದೊಳಗಿನ ಗಿಟಾರಿನಲ್ಲಿ ಬೀಟೆಯ ಬಣ್ಣವನ್ನು ಕಂಡು ಮರುಳಾಗುವುದು ಬೇರೆ ಮಾತು.

ಹಾಗಾದರೆ ಪರೀಕ್ಷಿಸತಕ್ಕುದು ಏನನ್ನು? ಮೊದಲನೆಯದಾಗಿ ದಂಡಿ. ದಪ್ಪ ತಂತಿಯನ್ನು ಒಂದನೆಯ ಮೆಟ್ಟಿನಲ್ಲಿಯೂ ದಂಡಿ ಒಡಲನ್ನು ಸೇರುವೆಡೆಯ ಮೆಟ್ಟಿನಲ್ಲಿಯೂ ಏಕಕಾಲಕ್ಕೆ ಒತ್ತಿ ಹಿಡಿದರೆ ತಂತಿಯೇ ಅಳತೆಗೋಲಾಗುತ್ತದೆ. ನಡುವಣ ಮೆಟ್ಟಿನ ಮೇಲೆ ದಪ್ಪ ಕಾಗದದಷ್ಟು ಸಂದಿರಬೇಕು. ಹೆಚ್ಚು ಸಂದಿದ್ದರೆ ದಂಡಿ ಬಾಗಿದೆ. ಒಳಗಿನ ಉಕ್ಕಿನ ಸರಳನ್ನು ಕೀಲಿಯಿಂದ ತಿರುಗಿಸಿ ಇದನ್ನು ಒಂದು ಮಿತಿಯವರೆಗೆ ತಿದ್ದಬಹುದು. ಎರಡನೆಯದಾಗಿ ತಂತಿಯ ಎತ್ತರ. ಹನ್ನೆರಡನೆಯ ಮೆಟ್ಟಿನ ಮೇಲೆ ದಪ್ಪ ತಂತಿ ಎರಡರಿಂದ ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಉತ್ತಮ. ನಾಲ್ಕು ಮಿಲಿಮೀಟರಾದರೆ ಹೊಸಬರ ಬೆರಳು ಬೊಬ್ಬೆ ಬಂದು, ವಾರದೊಳಗೆ ವಾದ್ಯ ಮೂಲೆ ಸೇರುತ್ತದೆ. ಮೂರನೆಯದಾಗಿ ಶ್ರುತಿ. ಹನ್ನೆರಡನೆಯ ಮೆಟ್ಟು ತಂತಿಯ ನಟ್ಟನಡುವೆ ಇರುವುದರಿಂದ, ಅಲ್ಲಿ ಬೆರಳನ್ನು ಹಗುರಾಗಿ ಮುಟ್ಟಿಸಿ ಎಬ್ಬಿಸಿದ ಸ್ವರವೂ ಒತ್ತಿ ನುಡಿಸಿದ ಸ್ವರವೂ ಒಂದೇ ಆಗಿರಬೇಕು. ನಾಲ್ಕನೆಯದಾಗಿ ಪ್ರತಿ ತಂತಿಯನ್ನು ಪ್ರತಿ ಮೆಟ್ಟಿನಲ್ಲಿ ಒತ್ತಿ ಕರಕರ ಸದ್ದಿದೆಯೇ ಎಂದು ಕೇಳಬೇಕು. ಐದನೆಯದಾಗಿ ಕುದುರೆಯ ಅಂಚಿನಡಿ ಕಾಗದದ ಚೂರು ತೂರುವುದೇ ನೋಡಬೇಕು. ತೂರಿದರೆ ಅಂಟು ಬಿಡುತ್ತಿದೆ. ಬಿರಡೆಗಳು ಜಾರದೆ ನಿಲ್ಲಬೇಕು.

ಇಷ್ಟರಲ್ಲಿ ತೇರ್ಗಡೆಯಾದ ವಾದ್ಯಕ್ಕೆ ಮಾತ್ರ ವಿದ್ಯುತ್ತಿನ ಪರೀಕ್ಷೆ. ಆರು ತಂತಿಗಳೂ ಸಮನಾಗಿ ಕೇಳುತ್ತವೆಯೇ? ಪ್ಲಗ್ಗನ್ನು ಅಲುಗಿಸಿದರೆ ಗರಗರ ಎನ್ನುತ್ತದೆಯೇ? ಕೈ ಬಿಟ್ಟಾಗ ಗುಂಯ್ ಎಂಬ ಸದ್ದು ಎಷ್ಟು? ದನಿಯನ್ನು ಎಷ್ಟು ಏರಿಸಿದಾಗ ಊಳು ಆರಂಭವಾಗುತ್ತದೆ? ಅಂಚೆಯಲ್ಲಿ ತರಿಸಿಕೊಳ್ಳುವವರು ಇವೆಲ್ಲವನ್ನೂ ಹಿಂದಿರುಗಿಸುವ ಅವಧಿಯೊಳಗೆ ಮಾಡಿ ಮುಗಿಸತಕ್ಕದ್ದು.

ಈ ಪಟ್ಟಿಯನ್ನು ಬರೆದುಕೊಂಡು, ಜೇಬಿನಲ್ಲಿ ಅಳತೆಪಟ್ಟಿ ಇಟ್ಟುಕೊಂಡು, ನಾವು ಮೂವರು ಅಂಗಡಿಗೆ ಹೋದೆವು. ಅಂಗಡಿಯವರು ಸ್ವಲ್ಪ ಹೊತ್ತು ನೋಡಿ, “ಜಾತ್ರೇಲಿ ಎತ್ತಿನ ಹಲ್ಲು ಎಣಿಸಿದ ಹಾಗೆ ನೋಡ್ತೀರಲ್ಲ ಸ್ವಾಮಿ!” ಎಂದು ನಕ್ಕರು. ನಮ್ಮ ಮುಂದೆ ಕೊನೆಗೆ ಎರಡು ಉಳಿದವು. ಒಂದು 8,500 ರೂಪಾಯಿಯದು. ಕಪ್ಪು ಹೊಳಪು, ಪಕ್ಕೆಯಲ್ಲಿ ಪ್ರೀ-ಆಂಪ್ಲಿಫೈಯರ್, ಶ್ರುತಿ ತೋರಿಸುವ ಪುಟ್ಟ ದೀಪ. ಆದರೆ ಹನ್ನೆರಡನೆಯ ಮೆಟ್ಟಿನಲ್ಲಿ ತಂತಿ ಹೆಚ್ಚುಕಡಿಮೆ ನಾಲ್ಕು ಮಿಲಿಮೀಟರ್ ಎತ್ತರವಿದ್ದಿತು. ಕುದುರೆಯ ಮೇಲಿನ ಬಿಳಿಪಟ್ಟಿ ಆಗಲೇ ತೀರ ಗಿಡ್ಡವಾಗಿದ್ದುದರಿಂದ ಉಜ್ಜಿ ತಗ್ಗಿಸಲು ಎಡೆಯಿರಲಿಲ್ಲ. ಒತ್ತಿದ ಸ್ವರ ಏರಿ ಹೋಗುತ್ತಿದ್ದಿತು. ಇನ್ನೊಂದು 7,000 ರೂಪಾಯಿಯದು. ಪ್ಲೈವುಡ್ ಹಲಗೆ, ಯಾವ ಅಲಂಕಾರವೂ ಇಲ್ಲ, ವಿದ್ಯುತ್ತಿನ ಸುಳಿವೂ ಇಲ್ಲ. ಆದರೆ ದಂಡಿ ನೇರ, ಶ್ರುತಿ ಶುದ್ಧ.

ನಮ್ಮಲ್ಲಿ ಚರ್ಚೆಯಾಯಿತು. “ದೀಪ ಇರೋದನ್ನೇ ತಗೊಳ್ಳೋಣ ಕಣೋ, ಎಲ್ಲಾ ಒಟ್ಟಿಗೇ ಬರುತ್ತೆ” ಎಂದು ಗೆಳೆಯನ ವಾದ. ಅವನ ಮಾತಿನಲ್ಲಿಯೂ ನ್ಯಾಯವಿಲ್ಲದಿಲ್ಲ. ಆದರೆ ಪಿಕಪ್ಪನ್ನು ಮುಂದೆ ಎಂದಾದರೂ ಕೂಡಿಸಬಹುದು, ಬದಲಿಸಬಹುದು. ತಪ್ಪು ಕೋನದಲ್ಲಿ ಕೂತ ದಂಡಿಯನ್ನು ಸರಿಪಡಿಸುವ ಖರ್ಚು ಅಗ್ಗದ ಗಿಟಾರಿನ ಬೆಲೆಯನ್ನೇ ಮೀರೀತು. ಹೀಗೆ 7,000 ರೂಪಾಯಿಯ ಗಿಟಾರ್, 1,800 ರೂಪಾಯಿಯ ಕಾಂತೀಯ ಪಿಕಪ್, 400 ರೂಪಾಯಿಯ ಕೇಬಲ್, 500 ರೂಪಾಯಿಯ ಚೀಲ, 300 ರೂಪಾಯಿಯ ತೆಳುತಂತಿಗಳ ಒಂದು ಜೊತೆ ಸೇರಿ ಹತ್ತು ಸಾವಿರಕ್ಕೆ ಲೆಕ್ಕ ಚುಕ್ತಾ ಆಯಿತು. ಕೇಬಲ್, ಚೀಲ, ತಂತಿಗಳನ್ನು ಮರೆತು ಪೂರ್ತಿ ಹಣವನ್ನು ಗಿಟಾರಿಗೇ ಸುರಿಯುವವರು ಬಹಳ; ಇದನ್ನು ವಿಶೇಷವಾಗಿ ಗಮನಿಸಬೇಕು.

ಕಾಲೇಜು ದಿನಾಚರಣೆಯಂದು ಸಭಾಂಗಣದ ಮಿಕ್ಸರಿನಲ್ಲಿ ವಾದ್ಯಗಳಿಗೆಂದೇ ಇದ್ದ ‘ಹೈ-ಝಡ್’ ದ್ವಾರಕ್ಕೆ ಕೇಬಲನ್ನು ಚುಚ್ಚಿದೆವು. ಅಂತಹ ದ್ವಾರವಿಲ್ಲದ ಕಡೆ ಡಿ.ಐ. ಪೆಟ್ಟಿಗೆ ಎಂಬ ಸಣ್ಣ ಸಾಧನವನ್ನು ನಡುವೆ ಇಡಬೇಕಾಗುತ್ತದೆ. ಸ್ಪೀಕರುಗಳ ಹಿಂದೆ ಸರಿದು ಕುಳಿತು, ಮಂದ್ರವನ್ನು ತುಸು ಇಳಿಸಿದುದರಿಂದ ಊಳು ಬರಲಿಲ್ಲ. ದನಿಯು ಕೊನೆಯ ಸಾಲಿಗೆ ಮುಟ್ಟಿತು. ಮೈಕಿನ ಮುಂದೆ ನುಡಿಸಿದಷ್ಟು ಮೃದುವಾಗಿರಲಿಲ್ಲ. ಒಡಲನ್ನು ತಟ್ಟಿದ ತಾಳವಂತೂ ಕೇಳಲೇ ಇಲ್ಲ. ಆ ಬೆಲೆಗೆ ಅಷ್ಟು ಕೊರತೆ ಸಹ್ಯವೆಂದೇ ನನ್ನ ಅಭಿಪ್ರಾಯ.

ಹೆಚ್ಚಿನ ಲಾಭ ಕಂಡುಬಂದುದು ಆಮೇಲೆ. ತಂತಿ ತಗ್ಗಾಗಿರುವುದರಿಂದ ಹೊಸಬರೂ ಕಲಿಯುತ್ತಿದ್ದಾರೆ. ಪತ್ರಿಕೆ ಹಂಚುವ ಗೆಳೆಯರಿಬ್ಬರೂ ಸಂಜೆ ಒಂದು ಗಂಟೆ ಸರದಿಯಲ್ಲಿ ಅಭ್ಯಾಸ ಮಾಡುತ್ತಾರೆ. ವಿದ್ಯುತ್ತು ಹೋದರೂ ಅಭ್ಯಾಸ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ವಾದ್ಯವನ್ನು ಬಿಸಿಲು ಬೀಳದ ಕಡೆ, ಚೀಲದೊಳಗೆ ಇಡುವ ನಿಯಮ ಮಾಡಿದ್ದೇವೆ. ವರ್ಷದಲ್ಲಿ ಸಭಾಂಗಣಕ್ಕೆ ಗಿಟಾರ್ ಹೋಗುವುದು ನಾಲ್ಕೈದು ದಿನ. ಉಳಿದ ದಿನಗಳಲ್ಲೆಲ್ಲ ಅದು ಕಲಿಯುವವರ ಕೈಯಲ್ಲಿರುತ್ತದೆ. ಆರಿಸುವಾಗ ಆ ಕೈಗಳನ್ನು ಮೊದಲು ನೆನೆಯಬೇಕು. ವಾದ್ಯ ಕೊಳ್ಳಹೊರಟ ಸಹಪಾಠಿಗಳಿಗೆ ಈ ನಾಲ್ಕು ಮಾತುಗಳಿಂದ ಒಂದಿಷ್ಟು ಹಣ ಉಳಿದರೂ ಈ ಬರವಣಿಗೆ ಸಾರ್ಥಕವೆಂದು ಭಾವಿಸುತ್ತೇನೆ.