ತಿಮಿಂಗಿಲದ ಕಾಲು ಎಲ್ಲಿ ಹೋಯಿತು? ಜೀವವಿಕಾಸಕ್ಕೆ ಸಾಕ್ಷ್ಯಗಳು



ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ವಿಕಾಸದ ಅಧ್ಯಾಯ ಶುರುವಾದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. ಈ ವರ್ಷ ಅದು ಹಿಂದಿನ ಬೆಂಚಿನಿಂದ ಬಂತು: "ಸರ್, ಇದು ಬರೀ ಥಿಯರಿ ಅಲ್ವಾ? ನಂಬಲೇಬೇಕಾ?" ಕೆಲವರು ನಕ್ಕರು. ಆದರೆ ಕೇಳಿದವನು ತಮಾಷೆಗೆ ಕೇಳಿರಲಿಲ್ಲ. ಪರೀಕ್ಷೆಗೆ ಒಂದು ಉತ್ತರ, ಮನಸ್ಸಿನಲ್ಲಿ ಇನ್ನೊಂದು ಉತ್ತರ ಇಟ್ಟುಕೊಳ್ಳುವುದಕ್ಕಿಂತ ಹೀಗೆ ನೇರವಾಗಿ ಕೇಳುವುದು ಎಷ್ಟೋ ಮೇಲು. ಅಷ್ಟರಲ್ಲಿ ಬೆಲ್ ಹೊಡೆದಿತ್ತು. ಈ ಲೇಖನ ಅಂದು ಬಾಕಿ ಉಳಿದ ಉತ್ತರ.

ಮೊದಲು 'ಥಿಯರಿ' ಎಂಬ ಪದ. ಮಾತಿನಲ್ಲಿ ನಾವು ಅದನ್ನು ಊಹೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ವಿಜ್ಞಾನದಲ್ಲಿ ಸಿದ್ಧಾಂತ ಎಂದರೆ ಅನೇಕ ಸಾಕ್ಷ್ಯಗಳನ್ನು ಒಟ್ಟಿಗೆ ವಿವರಿಸುವ, ಪರೀಕ್ಷೆಗೆ ಒಡ್ಡಬಹುದಾದ, ತಪ್ಪಿದ್ದರೆ ಸಿಕ್ಕಿಬೀಳಬಹುದಾದ ವಿವರಣೆ. ಹಾಗಾದರೆ ಸಾಕ್ಷ್ಯಗಳನ್ನೇ ನೋಡೋಣ. ಎಲ್ಲ ಜೀವಿಗಳೂ ಬೇಡ, ಒಂದೇ ಒಂದು ಪ್ರಾಣಿ ಸಾಕು: ತಿಮಿಂಗಿಲ.

ಮೀನಿನಂತಿದೆ, ಆದರೆ ಮೀನಲ್ಲ

ತಿಮಿಂಗಿಲ ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿ ಹಾಕುತ್ತದೆ, ಹಾಲೂಡಿಸುತ್ತದೆ. ಅದರದು ಬಿಸಿರಕ್ತ. ಮೀನು ಬಾಲವನ್ನು ಎಡಬಲಕ್ಕೆ ಆಡಿಸಿದರೆ ತಿಮಿಂಗಿಲ ಮೇಲೆ ಕೆಳಗೆ ಆಡಿಸುತ್ತದೆ. ನೆಲದ ಮೇಲೆ ಓಡುವ ಸಸ್ತನಿಯ ಬೆನ್ನುಮೂಳೆ ಬಾಗುವುದೂ ಹೀಗೆಯೇ.

ಅದರ ಈಜುರೆಕ್ಕೆಯ ಒಳಗೆ ನಮ್ಮ ತೋಳಿನಲ್ಲಿರುವ ಮೂಳೆಗಳೇ ಇವೆ: ಹ್ಯೂಮರಸ್, ರೇಡಿಯಸ್, ಅಲ್ನಾ, ಮಣಿಕಟ್ಟು, ಬೆರಳುಗಳು. ಕೆಲಸ ಬೇರೆ, ರಚನೆ ಒಂದೇ. ನೀವು ಉರುಹೊಡೆಯುವ ಹೋಮೋಲಾಗಸ್ ಅಂಗಗಳು, ಅಂದರೆ ರಚನಾನುರೂಪಿ ಅಂಗಗಳು ಇವೇ. ಹಿಂಗಾಲು ಹೊರಗೆ ಕಾಣುವುದಿಲ್ಲ. ಆದರೆ ದೇಹದೊಳಗೆ, ಬೆನ್ನುಮೂಳೆಗೆ ಅಂಟಿಕೊಳ್ಳದ ಸಣ್ಣ ಸೊಂಟದ ಮೂಳೆಗಳು ಉಳಿದಿವೆ. ಡಾಲ್ಫಿನ್ ಭ್ರೂಣದಲ್ಲಿ ಮೊದಲ ಕೆಲವು ವಾರ ಹಿಂಗಾಲಿನ ಮೊಗ್ಗುಗಳು ಮೂಡಿ, ಆಮೇಲೆ ಕರಗಿಹೋಗುತ್ತವೆ. ಸಮುದ್ರದಲ್ಲೇ ಹುಟ್ಟಿ ಸಮುದ್ರದಲ್ಲೇ ಸಾಯುವ ಪ್ರಾಣಿಯಲ್ಲಿ ಕಾಲಿನ ಈ ಗುರುತು ಏಕೆ? ಅದರ ಪೂರ್ವಜರಿಗೆ ಕಾಲುಗಳಿದ್ದವು ಎಂಬುದು ವಿಕಾಸ ಸಿದ್ಧಾಂತದ ಉತ್ತರ.

ಉತ್ತರ ಸರಿಯಿದ್ದರೆ, ಕಾಲಿದ್ದ ತಿಮಿಂಗಿಲಗಳ ಪಳೆಯುಳಿಕೆ ಎಲ್ಲೋ ಸಿಗಬೇಕು.

ಕಲ್ಲಿನಲ್ಲಿ ಸಿಕ್ಕ ಸಾಕ್ಷ್ಯ

ಸಿಕ್ಕಿದ್ದು ನಮ್ಮ ಉಪಖಂಡದಲ್ಲೇ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಏಷ್ಯಾದ ನಡುವೆ ಟೆಥಿಸ್ ಎಂಬ ಸಮುದ್ರವಿತ್ತು. ಅದರ ಅಂಚಿನಲ್ಲಿ ಬದುಕಿದ್ದ ಪ್ರಾಣಿಗಳ ಮೂಳೆಗಳು ಈಗ ಪಾಕಿಸ್ತಾನ, ಕಛ್ ಮತ್ತು ಜಮ್ಮು-ಕಾಶ್ಮೀರದ ಬಂಡೆಗಳಲ್ಲಿ ಸಿಗುತ್ತವೆ.

1981ರಲ್ಲಿ ಪಾಕಿಸೀಟಸ್ ಎಂಬ ಪ್ರಾಣಿಯ ವಿವರ ಪ್ರಕಟವಾಯಿತು. ಅದರ ಕಿವಿಯ ಮೂಳೆ ತಿಮಿಂಗಿಲದ್ದು, ಆದರೆ ಆಮೇಲೆ ಸಿಕ್ಕ ಕೈಕಾಲುಗಳು ನೆಲದ ಮೇಲೆ ನಡೆಯುವ ಪ್ರಾಣಿಯದು. ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿದೆ. 1994ರಲ್ಲಿ ವರದಿಯಾದ ಆಂಬ್ಯುಲೊಸೀಟಸ್‌ಗೆ ಗಿಡ್ಡ ಕಾಲು, ದೊಡ್ಡ ಪಾದ. ನೆಲದಲ್ಲೂ ನೀರಿನಲ್ಲೂ ಓಡಾಡಬಲ್ಲ ಮೈಕಟ್ಟು. ಇನ್ನೂ ಈಚಿನದು ಬ್ಯಾಸಿಲೊಸಾರಸ್, ಸುಮಾರು 4 ಕೋಟಿ ವರ್ಷ ಹಿಂದಿನದು. ಪೂರ್ತಿ ಸಮುದ್ರವಾಸಿ, 15 ಮೀಟರಿಗೂ ಹೆಚ್ಚು ಉದ್ದ. ಅಷ್ಟು ದೊಡ್ಡ ಮೈಗೆ ನಮ್ಮ ಕೈಗಿಂತಲೂ ಗಿಡ್ಡದಾದ ಹಿಂಗಾಲುಗಳು, ಅವುಗಳಲ್ಲಿ ಮೊಣಕಾಲು, ಬೆರಳು ಎಲ್ಲ ಇವೆ. ಮೂಗಿನ ಹೊಳ್ಳೆ ಮೂತಿಯ ನಡುವಿಗೆ ಸರಿದಿದೆ. ಇಂದಿನ ತಿಮಿಂಗಿಲದಲ್ಲಿ ಅದು ತಲೆಯ ಮೇಲಿದೆ.

ಬ್ಯಾಸಿಲೊಸಾರಸ್‌ನ ಈ ಹಿಂಗಾಲುಗಳು ಸಿಕ್ಕಿದ್ದು ಈಜಿಪ್ಟಿನ ಮರುಭೂಮಿಯ ವಾದಿ ಅಲ್-ಹೀತಾನ್‌ನಲ್ಲಿ. ಅರಬಿ ಓದಿದವರಿಗೆ ಅರ್ಥ ಹೇಳಬೇಕಾಗಿಲ್ಲ: 'ಹೂತ್' ಪದದ ಬಹುವಚನ 'ಹೀತಾನ್', ತಿಮಿಂಗಿಲಗಳ ಕಣಿವೆ. 2005ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಸಾಕ್ಷಿಗಳ ಜಗಳ

ಇಲ್ಲಿಗೆ ಕಥೆ ಸರಾಗವಾಗಿ ಕಾಣುತ್ತದೆ. ಆದರೆ ತಿಮಿಂಗಿಲ ಯಾವ ಪ್ರಾಣಿಗಳ ಕುಲಕ್ಕೆ ಸೇರಿದ್ದು ಎಂಬುದರಲ್ಲಿ ವಿಜ್ಞಾನಿಗಳು ಎಡವಿದ್ದರು. 1859ರ ತನ್ನ ಗ್ರಂಥದಲ್ಲಿ ಡಾರ್ವಿನ್ ಬಾಯ್ತೆರೆದು ಈಜುತ್ತ ಹುಳ ಹಿಡಿಯುವ ಕರಡಿಯನ್ನು ಉದಾಹರಿಸಿ, ಇಂಥದ್ದೊಂದು ತಿಮಿಂಗಿಲದಂತಾಗುವುದು ಅಸಾಧ್ಯವೇನಲ್ಲ ಎಂದಿದ್ದ. ಜನ ಗೇಲಿ ಮಾಡಿದರು. ಮುಂದಿನ ಮುದ್ರಣದಲ್ಲಿ ಅವನು ಆ ಭಾಗವನ್ನು ಮೊಟಕು ಮಾಡಿದ. ಇಪ್ಪತ್ತನೆಯ ಶತಮಾನದ ಪಳೆಯುಳಿಕೆ ತಜ್ಞರು ಹಲ್ಲುಗಳ ಹೋಲಿಕೆ ನೋಡಿ, ಅಳಿದುಹೋದ ಮೆಸೊನಿಕಿಡ್ ಎಂಬ ಮಾಂಸಾಹಾರಿಗಳೇ ತಿಮಿಂಗಿಲದ ಮೂಲ ಎಂದರು.

1990ರ ದಶಕದಲ್ಲಿ ಡಿಎನ್‌ಎ ಬೇರೆಯೇ ಹೇಳಿತು: ತಿಮಿಂಗಿಲಕ್ಕೆ ಅತಿ ಹತ್ತಿರದ ಜೀವಂತ ಬಂಧು ನೀರಾನೆ, ಅಂದರೆ ಹಿಪೊಪೊಟಾಮಸ್. ಹೇಗೆ ಗೊತ್ತಾಯಿತು? ಡಿಎನ್‌ಎಯ ಕೆಲವು ಸಣ್ಣ ತುಣುಕುಗಳು ತಮ್ಮ ಪ್ರತಿಗಳನ್ನು ಜೀನೋಮಿನಲ್ಲಿ ಎಲ್ಲೆಂದರಲ್ಲಿ ಸೇರಿಸುತ್ತವೆ. ಒಮ್ಮೆ ಸೇರಿದ್ದು ಪೀಳಿಗೆಯಿಂದ ಪೀಳಿಗೆಗೆ ಸಾಗುತ್ತದೆ. ಇಬ್ಬರ ಉತ್ತರಪತ್ರಿಕೆಯಲ್ಲಿ ಸರಿಯುತ್ತರ ಒಂದೇ ಇದ್ದರೆ ನಾವು ಅನುಮಾನಿಸುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ಕಾಗುಣಿತ ತಪ್ಪು, ಅದೂ ಹಲವು ಕಡೆ ಇದ್ದರೆ ಮೂಲ ಒಂದೇ ಎಂದು ತಿಳಿಯುತ್ತೇವೆ. 1999ರಲ್ಲಿ ಜಪಾನಿನ ಸಂಶೋಧಕರು ತಿಮಿಂಗಿಲ ಮತ್ತು ನೀರಾನೆಯಲ್ಲಿ ಇಂಥ ತುಣುಕುಗಳನ್ನು ಒಂದೇ ಜಾಗಗಳಲ್ಲಿ ತೋರಿಸಿದರು.

ಮೂಳೆ ಒಂದು ಹೇಳುತ್ತದೆ, ಡಿಎನ್‌ಎ ಇನ್ನೊಂದು. ತೀರ್ಮಾನಿಸಲು ಒಂದು ಮೂಳೆ ಬೇಕಿತ್ತು: ಹಿಂಗಾಲಿನ ಗಿಣ್ಣಿನ ಅಸ್ಟ್ರಗಲಸ್. ಆಡು, ದನ, ಒಂಟೆ, ಹಂದಿ, ನೀರಾನೆ ಮುಂತಾದ ಸಮಸಂಖ್ಯೆಯ ಗೊರಸಿನ ಪ್ರಾಣಿಗಳಲ್ಲಿ ಈ ಮೂಳೆಯ ಎರಡೂ ತುದಿಗಳು ಬಾವಿಯ ರಾಟೆಯಂತಿರುತ್ತವೆ. ಬೇರೆ ಪ್ರಾಣಿಗಳಲ್ಲಿ ಹೀಗಿಲ್ಲ. ಬಕ್ರೀದ್ ದಿನ ಆಡಿನ ಹಿಂಗಾಲು ಬಿಡಿಸುವಾಗ ಗಮನಿಸಿ, ಕೈಯಲ್ಲೇ ಹಿಡಿದು ನೋಡಬಹುದು.

2001ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಪಾಕಿಸ್ತಾನದ ಪ್ರಾಚೀನ ತಿಮಿಂಗಿಲಗಳ ಗಿಣ್ಣಿನ ಮೂಳೆಗಳನ್ನು ವರದಿ ಮಾಡಿದವು. ಎರಡು ತುದಿಗೂ ರಾಟೆ! ಒಂದು ತಂಡದ ಮುಖ್ಯಸ್ಥ ಫಿಲಿಪ್ ಜಿಂಜರಿಚ್ ಅಲ್ಲಿಯವರೆಗೆ ಮೆಸೊನಿಕಿಡ್ ಪಕ್ಷದವರು. ತಾವೇ ಅಗೆದ ಮೂಳೆ ತಮ್ಮ ಅಭಿಪ್ರಾಯವನ್ನು ಸುಳ್ಳಾಗಿಸಿದಾಗ ಅವರು ಅಭಿಪ್ರಾಯ ಬದಲಿಸಿದರು. ಇಡೀ ಅಧ್ಯಾಯದಲ್ಲಿ ನಾವು ಕಲಿಯಬೇಕಾದ ಗುಣ ಇದೇ.

ಕೊನೆಯ ಕೊಂಡಿ ನಮ್ಮ ದೇಶದ್ದು. ಭಾರತೀಯ ಭೂವಿಜ್ಞಾನಿ ಎ. ರಂಗರಾವ್ ಜಮ್ಮು-ಕಾಶ್ಮೀರದ ಕಾಲಾಕೋಟ್ ಪ್ರದೇಶದಿಂದ ಸಂಗ್ರಹಿಸಿದ್ದ ಬಂಡೆಗಳನ್ನು ಅವರ ನಿಧನಾನಂತರ ಅವರ ಪತ್ನಿ ಹಾನ್ಸ್ ಥೀವಿಸನ್ ಎಂಬ ವಿಜ್ಞಾನಿಗೆ ಒಪ್ಪಿಸಿದರು. ಅವುಗಳೊಳಗೆ ಇದ್ದದ್ದು ಬೆಕ್ಕಿನ ಗಾತ್ರದ, ಗೊರಸುಳ್ಳ ಇಂಡೊಹಿಯಸ್. ಅದರ ಕಿವಿಯಲ್ಲಿ ತಿಮಿಂಗಿಲದಂಥದೇ ದಪ್ಪ ಮೂಳೆ. 2007ರಲ್ಲಿ ಇದು ಪ್ರಕಟವಾಯಿತು. ಇಂಡೊಹಿಯಸ್ ತಿಮಿಂಗಿಲದ ನೇರ ಅಜ್ಜನಲ್ಲ, ಹತ್ತಿರದ ದಾಯಾದಿ. ವಿಕಾಸ ಏಣಿಯಲ್ಲ, ಕವಲೊಡೆಯುವ ಮರ.

ಮತ್ತೆ ಆ ಪ್ರಶ್ನೆಗೆ

ನಂಬಲೇಬೇಕಾ? ಈ ಪಾಠ ನಂಬಿಕೆ ಕೇಳುವುದಿಲ್ಲ, ಪರಿಶೀಲನೆ ಕೇಳುತ್ತದೆ. ಅಂಗರಚನೆ, ಭ್ರೂಣ, ಪಳೆಯುಳಿಕೆ, ಡಿಎನ್‌ಎ ಎಂಬ ನಾಲ್ಕು ಬೇರೆ ಬೇರೆ ಸಾಕ್ಷಿಗಳು ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ. ಡೈನೋಸಾರ್‌ಗಳಿಗಿಂತ ಹಳೆಯ ಬಂಡೆಯಲ್ಲಿ ನಾಳೆ ತಿಮಿಂಗಿಲ ಸಿಕ್ಕರೆ ಈ ವಿವರಣೆ ಕುಸಿಯುತ್ತದೆ. ಇಂದಿನವರೆಗೆ ಸಿಕ್ಕಿಲ್ಲ. ದೀನಿನ ಪ್ರಶ್ನೆಗಳಿದ್ದರೆ ಬಲ್ಲ ಹಿರಿಯರನ್ನು ಸಂಕೋಚವಿಲ್ಲದೆ ಕೇಳಿ. ಆದರೆ ಮೂಳೆಯ ಪ್ರಶ್ನೆಗೆ ಮೂಳೆಯನ್ನೇ ನೋಡಬೇಕು. ಎರಡೂ ಕಡೆ ಪ್ರಾಮಾಣಿಕವಾಗಿ ಕೇಳುವವನು ಯಾವುದಕ್ಕೂ ಹೆದರಬೇಕಾಗಿಲ್ಲ.

ಯೋಚಿಸಿ, ಉತ್ತರಿಸಿ

1. ಶಾರ್ಕ್ ಮತ್ತು ಡಾಲ್ಫಿನ್‌ಗಳ ಈಜುರೆಕ್ಕೆ ರಚನಾನುರೂಪಿಯೋ, ಕಾರ್ಯಾನುರೂಪಿಯೋ? ಕಾರಣ ಕೊಡಿ.
2. "ನೀರಾನೆ ತಿಮಿಂಗಿಲವಾಯಿತು." ಈ ವಾಕ್ಯದ ತಪ್ಪನ್ನು ತಿದ್ದಿ ಬರೆಯಿರಿ.
3. ನೀರಿನಂಚಿನಲ್ಲಿ ಬದುಕುವ ಪ್ರಾಣಿಗಳಲ್ಲಿ ಗಿಡ್ಡ ಕಾಲು, ಬಲವಾದ ಬಾಲ ಇದ್ದವಕ್ಕೆ ಹೆಚ್ಚು ಆಹಾರ ಸಿಕ್ಕರೆ ಮುಂದಿನ ಪೀಳಿಗೆಗಳಲ್ಲಿ ಏನಾಗುತ್ತದೆ? ನೈಸರ್ಗಿಕ ಆಯ್ಕೆಯ ಆಧಾರದಲ್ಲಿ ವಿವರಿಸಿ.

ಉತ್ತರ ಬರೆದವರು ತರಗತಿಗೆ ತನ್ನಿ. ಹೊಸ ಪ್ರಶ್ನೆ ಹುಟ್ಟಿದ್ದರೆ ಅದನ್ನೂ ತನ್ನಿ.