ಸೂರಕ್ಕಿಗೆ ಹೂವೊಂದೇ ಸಾಲದು ತಮ್ಮಾ

ಹೊಸ ಮನೆಯ ಸುತ್ತ ಹೂಗಿಡ ಹಾಕಿಸ್ತೀನಿ, ಮೊಬೈಲಿನಲ್ಲಿ ನೋಡಿದ ಆ ಪುಟ್ಟ ಹಕ್ಕಿ ಬರೋ ಹಾಗೆ ಮಾಡಬೇಕು ಅಂತ ಕೇಳಿದೆಯಲ್ಲ ತಮ್ಮಾ, ನೀನು ನೋಡಿದ್ದು ಹಮ್ಮಿಂಗ್ ಬರ್ಡ್. ಅದು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ಬೇಸರ ಮಾಡಿಕೊಳ್ಳಬೇಡ. ಅದರ ಹಾಗೇ ಬದುಕುವ ಹಕ್ಕಿ ನಮ್ಮ ಸಂತೇಬೆನ್ನೂರಿನಲ್ಲಿ ಮೊದಲಿನಿಂದಲೂ ಇದೆ, ಸೂರಕ್ಕಿ. ಎರಡಕ್ಕೂ ಹತ್ತಿರದ ನೆಂಟಸ್ತಿಕೆ ಏನಿಲ್ಲ, ಹೂವಿನ ಕೊಳವೆಗೆ ಕೊಕ್ಕು ಇಳಿಸಿ ಮಕರಂದ ಹೀರುವ ಬದುಕು ಮಾತ್ರ ಒಂದೇ. ಹಮ್ಮಿಂಗ್ ಬರ್ಡ್ ಗಾಳಿಯಲ್ಲಿ ನಿಂತುಕೊಂಡೇ ಕುಡಿಯುತ್ತೆ. ನಮ್ಮದು ಹೆಚ್ಚಾಗಿ ಕಡ್ಡಿ ಹಿಡಿದು, ಒಮ್ಮೊಮ್ಮೆ ತಲೆಕೆಳಗಾಗಿ ಜೋತುಬಿದ್ದು ಕುಡಿಯುತ್ತೆ. ಅದಕ್ಕೇ ಕೂರಲು ಕಡ್ಡಿ ಇರುವ ಗಿಡ ಆರಿಸು.

ನಮ್ಮ ಕಡೆ ಸುಲಭವಾಗಿ ಕಾಣುವುದು ಎರಡು ಬಗೆ. ಒಂದರ ಗಂಡಿಗೆ ಹೊಟ್ಟೆ ಹಳದಿ, ಬೆನ್ನು ಕಂದುಗೆಂಪು, ಕುತ್ತಿಗೆ ನೇರಳೆ. ಇನ್ನೊಂದರ ಗಂಡು ದೂರದಿಂದ ಬರೀ ಕಪ್ಪು, ಬಿಸಿಲು ಬಿದ್ದರೆ ಮೈಯೆಲ್ಲ ನೇರಳೆ ನೀಲಿ ಮಿಂಚು. ಮರಿ ಮಾಡುವ ಕಾಲ ಮುಗಿದ ಮೇಲೆ ಈ ಕಪ್ಪಿನವನು ಆ ಬಣ್ಣ ಕಳಚಿ, ಹಳದಿ ಎದೆಯ ನಡುವೆ ಒಂದು ಕಪ್ಪು ಪಟ್ಟೆ ಉಳಿಸಿಕೊಂಡು ಓಡಾಡುತ್ತಾನೆ. ಬೇರೆ ಹಕ್ಕಿ ಅಂದುಕೊಳ್ಳಬೇಡ. ಎರಡೂ ಹತ್ತು ಸೆಂಟಿಮೀಟರ್ ಉದ್ದ ಮೀರುವುದಿಲ್ಲ.

ಈಗ ಗಿಡದ ಮಾತು. ಬೂರುಗ, ಮುತ್ತುಗ, ಹಾಲವಾಣ ಎಲ್ಲವೂ ಶಿವರಾತ್ರಿ, ಯುಗಾದಿ ಆಸುಪಾಸಿನಲ್ಲೇ ಹೂ ಬಿಡುತ್ತವೆ. ಆಗ ಸೂರಕ್ಕಿಗೆ ನಿನ್ನ ಅಂಗಳದ ಹಂಗಿಲ್ಲ. ಉಳಿದ ತಿಂಗಳುಗಳಲ್ಲಿ ಅದು ಏನು ಕುಡಿಯಬೇಕು? ಹಿಂದೆ ಬೇಲಿ ಸಾಲಿನಲ್ಲಿ ಒಂದಲ್ಲ ಒಂದು ಗಿಡ ಅರಳಿರುತ್ತಿತ್ತು. ಅಡಿಕೆ ಬೆಳೆದಂತೆಲ್ಲ ಬೇಲಿ ಹೋಗಿ ತಂತಿ ಬಂತು. ಅಡಿಕೆ ಹೊಂಬಾಳೆಯಲ್ಲಿ ಜೇನ್ನೊಣಕ್ಕೆ ಪರಾಗ ಸಿಗುತ್ತೆ, ಸೂರಕ್ಕಿಗೆ ಬೇಕಾದ ತುಂಬು ಮಕರಂದ ಅಲ್ಲಿಲ್ಲ. ಕಣ್ಣು ಹಾಯುವಷ್ಟು ದೂರ ಹಸಿರಿದ್ದರೂ ಅದರ ಮಟ್ಟಿಗೆ ಅದು ಬರಗಾಲವೇ. ಅದಕ್ಕೆ ಚೆಂದಕ್ಕಿಂತ ಮೊದಲು ತಿಂಗಳು ಲೆಕ್ಕ ಹಾಕಿ ಗಿಡ ನೆಡು.

ಮೊದಲು ದಾಸವಾಳ, ಅದೂ ಐದೆಸಳಿನ ಹಳೇ ಕೆಂಪು ದಾಸವಾಳ. ನರ್ಸರಿಯವರು ಮುದ್ದೆಯಂಥ ಸುತ್ತೆಸಳಿನದ್ದನ್ನು ತೋರಿಸುತ್ತಾರೆ, ಅದರಲ್ಲಿ ಎಸಳಿನ ಸಂದಿಯಿಂದ ಮಕರಂದ ಮುಟ್ಟುವುದು ಕಷ್ಟ. ದಾಸವಾಳಕ್ಕೆ ಬಂದ ಸೂರಕ್ಕಿಯನ್ನು ಹತ್ತಿರದಿಂದ ನೋಡು. ಎಷ್ಟೋ ಸಲ ಅದು ಹೂವಿನ ಬಾಯಿಗೆ ಹೋಗುವುದೇ ಇಲ್ಲ, ತೊಟ್ಟಿನ ಹತ್ತಿರ ಕೂತು ಬುಡಕ್ಕೆ ಕೊಕ್ಕು ಚುಚ್ಚಿ ಅಲ್ಲಿಂದಲೇ ಹೀರುತ್ತೆ. ಹೂ ಹಾಳುಮಾಡಿತು ಅಂತ ಓಡಿಸಬೇಡ. ಸಂಜೆಗೆ ಬಾಡುವ ಹೂವು ಅದು. ದೇವರಿಗೆ ಕೀಳುವಾಗಲೂ ಅರ್ಧ ಗಿಡದಲ್ಲೇ ಬಿಡಿ ಅಂತ ಮನೆಯಲ್ಲಿ ಹೇಳು.

ದಾಸವಾಳದ ಜೊತೆಗೆ ಕೆಂಪು ಕೇಪಳ, ಒಂದು ದಾಳಿಂಬೆ, ಹಿತ್ತಲಲ್ಲಿ ನುಗ್ಗೆ, ಬೇಲಿಗೆ ಆಡುಸೋಗೆ. ಬಚ್ಚಲ ನೀರು ಹರಿಯುವ ಕಡೆ ಬಾಳೆ. ನೀನಂತೂ ತೋಟದವನು, ಗೊನೆ ಕಾಯಿ ಕಟ್ಟಿದ ಮೇಲೆ ತುದಿಯ ಹೂವು ಮುರಿಯುವ ರೂಢಿ ಗೊತ್ತಲ್ಲ. ಮಾರುವ ಗೊನೆಯದ್ದು ಮುರಿ, ಮನೆ ಹತ್ತಿರದ ಒಂದೆರಡು ಬಾಳೆಯದ್ದು ಹಾಗೇ ಬಿಡು. ಅದು ಒಂದೊಂದೇ ಕೆಂಪು ಹಾಳೆ ಎತ್ತಿ ವಾರಗಟ್ಟಲೆ ಹೊಸ ಹೂ ಕೊಡುತ್ತಲೇ ಇರುತ್ತೆ, ಪ್ರತಿ ಹೂವಿನಲ್ಲೂ ಮಕರಂದ. ಹೊರಗಿನ ಗಿಡ ಒಂದು ಬೇಕೇ ಬೇಕು ಅನ್ನುವುದಾದರೆ ಹ್ಯಾಮೆಲಿಯಾ ಹಾಕು. ಹಮ್ಮಿಂಗ್ ಬರ್ಡಿನ ನಾಡಿನಿಂದಲೇ ಬಂದದ್ದು, ನಮ್ಮ ಸೂರಕ್ಕಿಗೂ ಬಲು ಇಷ್ಟ. ತೋಟದ ಅಂಚಿಗೆ ಹಾಲವಾಣದ ಗೂಟ ನೆಟ್ಟರೂ ಬೇರು ಬಿಡುತ್ತೆ. ಚಿಗುರು ಗಂಟುಗಂಟಾಗಿ ಮುರುಟಿಕೊಂಡರೆ ಅದು ಸಣ್ಣ ಕಣಜವೊಂದರ ಕಾಟ, ಆ ರೆಂಬೆ ಕಡಿದು ಸುಟ್ಟುಬಿಡು. ನೀರುಕಾಯಿ ಮರ ಮಾತ್ರ ಬೇಡ. ಹೂವು ಕೆಂಡದಂತೆ ಕಾಣುತ್ತೆ, ಆದರೆ ನಸರಿಯಂಥ ಮುಳ್ಳಿಲ್ಲದ ಪುಟ್ಟ ಜೇನ್ನೊಣಗಳು ಅದರೊಳಗೆ ಸಾಯುತ್ತವೆ.

ಸಕ್ಕರೆ ನೀರಿನ ಸೀಸೆ ನೇತುಹಾಕುವ ಯೋಚನೆ ಬಿಟ್ಟುಬಿಡು. ನಮ್ಮ ಬಿಸಿಲಿಗೆ ಅದು ಬೇಗ ಹುಳಿಯಾಗುತ್ತೆ, ಬೂಸಲು ಹಿಡಿಯುತ್ತೆ, ಇರುವೆ ಮುತ್ತುತ್ತವೆ. ದಿನಾ ತೊಳೆಯುವ ವ್ಯವಧಾನ ಇದ್ದವರೂ ಊರಿಗೆ ಹೋದಾಗ ಮರೆಯುತ್ತಾರೆ. ನೀರಿನ ತೊಟ್ಟಿಯೂ ಬೇಕಾಗಿಲ್ಲ. ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲೇ ಅಷ್ಟು ದೊಡ್ಡ ಪುಷ್ಕರಣಿ ಕಟ್ಟಿಸಿದ ಊರು ನಮ್ಮದು, ಸೂರಕ್ಕಿಗೆ ಮಾತ್ರ ಎಲೆಯ ಮೇಲೆ ನಿಂತ ಹನಿಯೇ ಸ್ನಾನಕ್ಕೆ ಸಾಕು. ಬೆಳಗ್ಗೆ ಗಿಡಕ್ಕೆ ನೀರು ಬಿಡುವಾಗ ಎಲೆಯನ್ನೂ ತೋಯಿಸು.

ಇಷ್ಟೆಲ್ಲ ಮಾಡಿದರೂ ಹಕ್ಕಿ ಬಂದು ಕುಡಿದು ಹೋಗುತ್ತೆ, ಅಷ್ಟೇ. ಅದು ನಿನ್ನಲ್ಲೇ ಉಳಿಯಬೇಕಾದರೆ ಹುಳ ಬೇಕು, ಜೇಡರ ಬಲೆ ಬೇಕು. ಇದನ್ನು ಹೇಳುವುದಕ್ಕೇ ನಾನು ಇಷ್ಟು ದೂರ ಬಂದೆ. ಸೂರಕ್ಕಿ ಮರಿಗೆ ಬರೀ ಮಕರಂದ ಕೊಟ್ಟು ಬೆಳೆಸುವುದಿಲ್ಲ. ಸಣ್ಣ ಹುಳ, ಜೇಡ ಹಿಡಿದು ತಂದು ಬಾಯಿಗಿಡುತ್ತೆ. ದಾಸವಾಳಕ್ಕೆ ಬಿಳೀ ಹಿಟ್ಟು ತಿಗಣೆ ಹತ್ತಿದ ಕೂಡಲೇ ಅಂಗಡಿಗೆ ಓಡಿ ಇಮಿಡಾಕ್ಲೋಪ್ರಿಡ್ ತಂದು ಹೊಡೆದರೆ ಅದು ಗಿಡದ ರಸಕ್ಕಿಳಿದು ಹೂವಿನ ಮಕರಂದದವರೆಗೂ ಹೋಗುತ್ತೆ. ಕರೆದು ವಿಷ ಇಟ್ಟ ಹಾಗಾಯಿತಲ್ಲ? ಪೈಪಿನ ನೀರು ಜೋರಾಗಿ ಹಾಯಿಸಿ ತಿಗಣೆ ಉದುರಿಸು, ತೀರಾ ಹೆಚ್ಚಾದ ಕಡ್ಡಿ ಕತ್ತರಿಸು, ಆಮೇಲೂ ಉಳಿದರೆ ಬೇವಿನೆಣ್ಣೆಗೆ ಸೋಪು ಕಲಸಿ ಸಂಜೆ ಹೊತ್ತು ಹೊಡೆ.

ಗೂಡನ್ನು ಹೆಣ್ಣೇ ಕಟ್ಟುತ್ತೆ. ಒಣ ನಾರು, ತೊಗಟೆ ಚೂರು, ಕಂಬಳಿಹುಳದ ಹಿಕ್ಕೆ, ಎಲ್ಲವನ್ನೂ ಜೇಡರ ಬಲೆಯ ಎಳೆಯಿಂದ ಹೊಲಿದು ಒಂದು ಸಣ್ಣ ಚೀಲ ಇಳಿಬಿಡುತ್ತೆ. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಬಿಸಿಲು ಮಳೆಗೆ ಪುಟ್ಟ ಚಜ್ಜ. ಮುಂಬಾಗಿಲ ದೀಪದ ವೈರಿಗೋ ಬಟ್ಟೆ ಒಣಹಾಕುವ ತಂತಿಗೋ ತೂಗಿರುತ್ತೆ. ಗೊತ್ತಿಲ್ಲದವರಿಗೆ ಗಾಳಿಗೆ ಸಿಕ್ಕಿಕೊಂಡ ಕಸ. ಯುಗಾದಿಗೆ ಮನೆ ಗುಡಿಸುವಾಗ ಉದ್ದ ಕೋಲಿನ ಪೊರಕೆಗೆ ಇಂಥ ಗೂಡು ಎಷ್ಟು ಹೋಗಿವೆಯೋ! ಒಳಮನೆಯ ಬಲೆ ಹೊಡಿ, ಬೇಡ ಅನ್ನುವುದಿಲ್ಲ. ದನದ ಕೊಟ್ಟಿಗೆಯ ಸೂರು, ಹಿತ್ತಲ ಗೋಡೆಯ ಮೂಲೆ ಬಿಟ್ಟುಬಿಡು. ಗೂಡಿನಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವಿಗೆ ಎರಡು ವಾರ, ಮರಿ ಹಾರುವುದಕ್ಕೆ ಇನ್ನೊಂದು ಎರಡು ಎರಡೂವರೆ ವಾರ. ಅಷ್ಟು ದಿನ ಆ ತಂತಿಗೆ ಬಟ್ಟೆ ಹಾಕಬೇಡಿ, ಹತ್ತಿರ ಹೋಗಿ ಫೋಟೋ ತೆಗೆಯಬೇಡಿ, ಬೆಕ್ಕಿದ್ದರೆ ಕಣ್ಣಿಡಿ. ಆ ಕಾಲದಲ್ಲಿ ಗಂಡು ನಿನ್ನ ಬೈಕಿನ ಕನ್ನಡಿಯಲ್ಲಿ ತನ್ನನ್ನೇ ಕಂಡು ಎದುರಾಳಿ ಅಂತ ಕುಕ್ಕುತ್ತಾ ಸೋಲುತ್ತೆ, ಕನ್ನಡಿಗೊಂದು ಬಟ್ಟೆ ಸುತ್ತು.

ಮೃಗಶಿರ ಮಳೆ ಹಿಡಿಯುವ ಮೊದಲೇ ಗುಂಡಿ ತೆಗೆಸಿ ಕೊಟ್ಟಿಗೆ ಗೊಬ್ಬರ ತುಂಬಿಸಿಡು. ಐದೆಸಳಿನ ದಾಸವಾಳಕ್ಕೆ ದುಡ್ಡು ಕೊಡಬೇಡ, ನಮ್ಮ ಹಿತ್ತಲಿನದ್ದು ಬೇಕಾದಷ್ಟಿದೆ. ಎಳೆಯದ್ದೂ ಅಲ್ಲದ ಬಲಿತದ್ದೂ ಅಲ್ಲದ ಕಡ್ಡಿ, ಒಂದು ಗೇಣು ಉದ್ದ, ಕೆಳಗಿನ ಎಲೆ ಸವರಿ ನಾನೇ ಕತ್ತರಿಸಿ ಕೊಡ್ತೀನಿ. ಬರುವಾಗ ಒದ್ದೆ ಗೋಣಿಚೀಲ ತಗೊಂಡು ಬಾ.